ಅಪಘಾತದ ಸ್ಥಳಕ್ಕೆ ಬಂದ ಪೊಲೀಸರ ಮೊದಲ ಕೆಲಸ ಯಾವುದು?

ಪ್ರಶ್ನೆ: ನಾನು ಬೆಂಗಳೂರಿನ ಹೆಣ್ಣೂರು ಕಡೆ ವಾಸವಾಗಿರುವ ಬ್ಯಾಂಕ್ ನೌಕರ. ಒಂದೂವರೆ ತಿಂಗಳ ಹಿಂದೆ, ರಾತ್ರಿ ಒಂಬತ್ತರ ಸುಮಾರಿಗೆ, ಹೊರವರ್ತುಲ ರಸ್ತೆಯಲ್ಲಿ ಊಟ ತಲುಪಿಸುವ ಯುವಕನೊಬ್ಬನ ಬೈಕಿಗೆ ಟೆಂಪೊ ಒಂದು ಗುದ್ದಿ, ನಿಲ್ಲದೆ ಹೊರಟುಹೋಯಿತು. ನಾವು ಮೂರು ಮಂದಿ 112ಕ್ಕೆ ಕರೆ ಮಾಡಿದೆವು. ಬಂದ ಇಬ್ಬರು ಪೊಲೀಸರು ಫೋಟೊ ತೆಗೆದರು, ಬೈಕಿನ ನಂಬರ್ ಬರೆದುಕೊಂಡರು, ಈ ಜಾಗ ತಮ್ಮ ಠಾಣೆಯ ಸರಹದ್ದಿಗೆ ಸೇರುತ್ತದೆಯೇ ಎಂದು ವಾಕಿಟಾಕಿಯಲ್ಲಿ ವಿಚಾರಿಸುತ್ತಾ ನಿಂತರು. ಹುಡುಗ ನರಳುತ್ತಲೇ ಇದ್ದ. ಕೊನೆಗೆ ನಾವೇ ಆಟೋದಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದರೆ, ಅಲ್ಲಿ 'ಇದು ಪೊಲೀಸ್ ಕೇಸು, ಅವರು ಬರಲಿ' ಎಂದು ತಡೆದರು. ಅವನ ತೊಡೆಯ ಮೂಳೆ ಮುರಿದಿದೆ. ಈಗ ಬಾಡಿಗೆ ಕೋಣೆಯಲ್ಲಿ ಮಲಗಿದ್ದಾನೆ. ಮನೆಯವರು ಕಲಬುರಗಿಯವರು. ಟೆಂಪೊ ಇನ್ನೂ ಸಿಕ್ಕಿಲ್ಲ. ಇಂಥ ಹೊತ್ತಿನಲ್ಲಿ ಪೊಲೀಸರ ಕರ್ತವ್ಯವೇನು? ಅವರನ್ನು ಬಿಟ್ಟು ನಾವು ಸಾಗಿಸಿದ್ದು ತಪ್ಪೇ? ಠಾಣೆಗೆ ಬಂದು ಹೇಳಿಕೆ ಕೊಡಿ ಎಂದು ಈಗ ನನಗೂ ಆ ಹುಡುಗನಿಗೂ ಫೋನ್ ಬರುತ್ತಿದೆ, ಹೋಗಲೇಬೇಕೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಅಳುಕು ನಿಮ್ಮನ್ನು ಇಷ್ಟು ದಿನವೂ ಕಾಡುತ್ತಿದೆ ಎಂದು ಕಾಣುತ್ತದೆ. ನೀವು ಮಾಡಿದ್ದು ತಪ್ಪಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಪೊಲೀಸರ ಅಪ್ಪಣೆ ಬೇಕೆಂದು ನಮ್ಮ ಯಾವ ಕಾನೂನೂ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮು, ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ, ಸ್ವಇಚ್ಛೆಯಿಂದ ನೆರವಾದವರನ್ನು ಗಾಯಾಳುವಿಗೆ ಮುಂದೆ ಏನೇ ಆದರೂ ಸಿವಿಲ್ ಅಥವಾ ಕ್ರಿಮಿನಲ್ ಹೊಣೆಗೆ ಗುರಿಪಡಿಸಬಾರದೆಂದು ರಕ್ಷಿಸುತ್ತದೆ. ಕರ್ನಾಟಕ ಇದಕ್ಕಾಗಿ 2016ರಲ್ಲೇ ಪ್ರತ್ಯೇಕ ಮಸೂದೆಯನ್ನು ಅಂಗೀಕರಿಸಿತ್ತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು ಅದು ಕಾನೂನಾಯಿತು. ಅದರ ಪ್ರಕಾರ, ಗಾಯಾಳುವನ್ನು ಆಸ್ಪತ್ರೆಗೆ ತಲುಪಿಸಿದವರು ಅಲ್ಲಿಂದ ತಕ್ಷಣವೇ ಹೊರಡಬಹುದು.

ಈಗ ಪೊಲೀಸರ ಕರ್ತವ್ಯದ ವಿಚಾರ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯು ಪೊಲೀಸರು ಸಾರ್ವಜನಿಕರಿಗೆ ಸಲ್ಲಿಸಬೇಕಾದ ಕರ್ತವ್ಯಗಳನ್ನು ಹೇಳುವಾಗ, ಬೀದಿಯಲ್ಲಿ ಅಶಕ್ತರೂ ಅಸಹಾಯಕರೂ ಆಗಿರುವವರಿಗೆ ತಮ್ಮ ಕೈಲಾದ ಎಲ್ಲ ನೆರವು ನೀಡುವುದನ್ನು ಅವುಗಳಲ್ಲಿ ಒಂದಾಗಿ ಎಣಿಸುತ್ತದೆ. ಕಾಲು ಮುರಿದುಕೊಂಡು ರಸ್ತೆಯಲ್ಲಿ ಬಿದ್ದವನಿಗಿಂತ ಅಸಹಾಯಕ ಇನ್ಯಾರು? ಇದು ತನಿಖಾಧಿಕಾರಿಗೆ ಮಾತ್ರ ಅನ್ವಯಿಸುವ ಮಾತಲ್ಲ, ಆ ಸರಹದ್ದಿನ ಸಿಬ್ಬಂದಿಗೆ ಮಾತ್ರ ಅನ್ವಯಿಸುವ ಮಾತೂ ಅಲ್ಲ. ಸಮವಸ್ತ್ರ ತೊಟ್ಟು ಅಲ್ಲಿಗೆ ಬಂದ ಪ್ರತಿಯೊಬ್ಬರಿಗೂ ಅನ್ವಯಿಸುತ್ತದೆ. ತಪ್ಪು ಯಾರದು ಎಂಬುದರ ಮೇಲೂ ಅದು ನಿಂತಿಲ್ಲ. ಕುಡಿದು ಓಡಿಸಿದ ಚಾಲಕನೇ ಗಾಯಗೊಂಡು ಬಿದ್ದಿದ್ದರೂ, ಜನ ಅವನನ್ನು ಸುತ್ತುವರಿದಿದ್ದರೂ, ಪೊಲೀಸರು ಅವನನ್ನು ಮೊದಲು ಜನರಿಂದ ಕಾಪಾಡಿ ಆಸ್ಪತ್ರೆಗೆ ಕಳುಹಿಸಬೇಕು; ಪ್ರಕರಣ ದಾಖಲಿಸುವುದು ಆಮೇಲಿನ ಮಾತು.

ನೀವು ನೋಡಿದ ಇಬ್ಬರು ಮಾಡುತ್ತಿದ್ದುದೂ ಅನಗತ್ಯವಾದ ಕೆಲಸವಲ್ಲ ಎಂಬುದನ್ನು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳು ತನಿಖಾಧಿಕಾರಿಯು ಕೂಡಲೇ ಸ್ಥಳಕ್ಕೆ ಹೋಗಿ, ಸ್ಥಳದ ಮತ್ತು ವಾಹನಗಳ ಫೋಟೊ ತೆಗೆದು, ನಕ್ಷೆ ಬರೆದು, ಕಂಡವರನ್ನು ವಿಚಾರಿಸಬೇಕೆಂದು ಹೇಳುತ್ತವೆ. ಮುಂದೆ ಪರಿಹಾರದ ಮೊಕದ್ದಮೆಯಲ್ಲಿ ಗಾಯಾಳುವಿನ ಪರವಾಗಿ ನಿಲ್ಲುವುದು ಇದೇ ನಕ್ಷೆ ಮತ್ತು ಇದೇ ಮಹಜರು. ಆದರೆ ಅದೇ ನಿಯಮಗಳು ಗಾಯಾಳುವಿನ ಫೋಟೊವನ್ನು ಆಸ್ಪತ್ರೆಯಲ್ಲಿ ತೆಗೆಯಬೇಕೆಂದು ಹೇಳುವುದನ್ನು ಗಮನಿಸಿ. ನಿಯಮ ರೂಪಿಸಿದವರ ಕಣ್ಣಿನಲ್ಲಿ, ತನಿಖೆ ಶುರುವಾಗುವ ಹೊತ್ತಿಗೆ ಆತ ಆಸ್ಪತ್ರೆಯಲ್ಲಿರುತ್ತಾನೆ, ರಸ್ತೆಯಲ್ಲಲ್ಲ. ಆತ ಬಿದ್ದಿದ್ದ ಜಾಗಕ್ಕೊಂದು ಕಲ್ಲು, ಬೈಕಿನ ಎರಡು ಚಕ್ರದ ಬಳಿ ಸೀಮೆಸುಣ್ಣದ ಗೆರೆ, ಮೊಬೈಲಿನಲ್ಲಿ ಎರಡು ಫೋಟೊ: ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಬಂದವರು ಇಬ್ಬರಿದ್ದರು, ಒಬ್ಬರು ಗುರುತು ಹಾಕುವಾಗ ಇನ್ನೊಬ್ಬರು ಹುಡುಗನ ಪಕ್ಕದಲ್ಲಿ ಮಂಡಿಯೂರಿ ಕೂತಿರಬೇಕಿತ್ತು.

ಸರಹದ್ದಿನ ಗೊಂದಲಕ್ಕೆ ಬೆಂಗಳೂರಿನಲ್ಲಿ ಒಂದು ಕಾರಣವಿದೆ. ಇಲ್ಲಿ ರಸ್ತೆ ಅಪಘಾತದ ಪ್ರಕರಣಗಳನ್ನು ದಾಖಲಿಸಿ ತನಿಖೆ ಮಾಡುವುದು ಸಂಚಾರ ಪೊಲೀಸ್ ಠಾಣೆಗಳು. ಅವುಗಳ ಎಲ್ಲೆ ಒಂದು, ಕಾನೂನು ಸುವ್ಯವಸ್ಥೆಯ ಠಾಣೆಗಳ ಎಲ್ಲೆ ಇನ್ನೊಂದು. 112ರ ಕರೆಗೆ ಮೊದಲು ಓಡಿಬರುವ 'ಹೊಯ್ಸಳ' ಗಸ್ತು ವಾಹನದವರು ಪ್ರಕರಣ ದಾಖಲಿಸುವವರಲ್ಲದೇ ಇರಬಹುದು. ಆದರೆ ಈ ಹಂಚಿಕೆ ಇಲಾಖೆಯ ಒಳಗಿನ ಅನುಕೂಲ, ಗಾಯಾಳುವಿಗೂ ಅದಕ್ಕೂ ಸಂಬಂಧವಿಲ್ಲ. ಪ್ರಕರಣದ ದಾಖಲೆಗೂ ಈಗ ಅದು ಅಡ್ಡಿಯಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ನೀಡಬಹುದು. ಅವರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು.

ಗಾಯಾಳುವಿನ ಕಡೆ ತಿರುಗಿದ ಪೊಲೀಸರು ಮಾಡಬೇಕಾದುದೇನು ಎಂದರೆ, ಮೊದಲು ಇನ್ನೊಂದು ವಾಹನ ಬಂದು ಗುದ್ದದಂತೆ ಬ್ಯಾರಿಕೇಡನ್ನೋ ತಮ್ಮದೇ ವಾಹನವನ್ನೋ ಅಡ್ಡ ನಿಲ್ಲಿಸುವುದು, ಉಸಿರಾಟ ನೋಡುವುದು, ರಕ್ತ ಹರಿಯುತ್ತಿರುವಲ್ಲಿ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿಯುವುದು. ನಮ್ಮ ಊರಿನಲ್ಲಿ ದಿನನಿತ್ಯ ನಡೆಯುವ ಎರಡು ತಪ್ಪುಗಳನ್ನು ತಡೆಯುವುದೂ ಅವರದೇ ಹೊಣೆ. ಯಾರೋ ಒಬ್ಬರು ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ನೀರು ಹಿಡಿಯುತ್ತಾರೆ. ಅರೆಪ್ರಜ್ಞೆಯಲ್ಲಿರುವವನಿಗೆ ಆ ನೀರು ಶ್ವಾಸನಾಳಕ್ಕೆ ಹೋಗಬಹುದು. ಮತ್ತೊಂದಿಷ್ಟು ಜನ ಕೈಗೊಬ್ಬರು ಕಾಲಿಗೊಬ್ಬರು ಹಿಡಿದೆತ್ತಿ, ಆಟೋದ ಸೀಟಿನಲ್ಲಿ ಮಡಚಿ ಕೂರಿಸುತ್ತಾರೆ. ಕುತ್ತಿಗೆಯ ಅಥವಾ ಬೆನ್ನಿನ ಮೂಳೆಗೆ ಪೆಟ್ಟಾಗಿದ್ದರೆ ಅಷ್ಟರಿಂದಲೇ ಆತ ಜೀವಮಾನವಿಡೀ ನಡೆಯದಂತಾಗಬಹುದು. ಆದ್ದರಿಂದ 108ರ ಆಂಬುಲೆನ್ಸ್ ಐದಾರು ನಿಮಿಷದಲ್ಲಿ ತಲುಪುವುದಾದರೆ, ಗಾಯಾಳು ಉಸಿರಾಡುತ್ತಿದ್ದರೆ, ರಕ್ತಸ್ರಾವ ಹಿಡಿತದಲ್ಲಿದ್ದರೆ, ಪೊಲೀಸರು ಕಾಯುವುದೇ ಸರಿ. ಆಂಬುಲೆನ್ಸ್ ದೂರವಿದೆ ಅಥವಾ ರಸ್ತೆ ಕಟ್ಟಿದೆ ಎಂದಾದರೆ, ಇಲಾಖೆಯ ಜೀಪಿನಲ್ಲೇ ಆಗಲಿ, ದಾರಿಹೋಕರ ಕಾರಿನಲ್ಲೇ ಆಗಲಿ, ನಾಲ್ಕೈದು ಜನ ಮೈಕೆಳಗೆ ಕೈಕೊಟ್ಟು ದೇಹವನ್ನು ನೇರವಾಗಿಯೇ ಎತ್ತಿ ಮಲಗಿಸಿ ಕಳುಹಿಸಬೇಕು. ಯಾವ ವಾಹನದಲ್ಲಿ ಎಂದು ಕಾನೂನು ನಿಗದಿಪಡಿಸಿಲ್ಲ. ಹೊತ್ತಿನ ಬಗ್ಗೆ ಮಾತ್ರ ಅದಕ್ಕೆ ಸ್ಪಷ್ಟ ಕಲ್ಪನೆ ಇದೆ. ಪೆಟ್ಟಾದ ಬಳಿಕದ ಒಂದು ಗಂಟೆಯನ್ನು, ತ್ವರಿತ ಚಿಕಿತ್ಸೆಯಿಂದ ಸಾವು ತಪ್ಪಿಸುವ ಸಾಧ್ಯತೆ ಅತಿ ಹೆಚ್ಚಿರುವ ಅವಧಿಯೆಂದು ಮೋಟಾರು ವಾಹನ ಕಾಯ್ದೆಯೇ ವ್ಯಾಖ್ಯಾನಿಸಿದೆ.

ಆ ಗಂಟೆಯೊಳಗೆ ಎಲ್ಲಿಗೆ ಒಯ್ಯುವುದೆಂಬ ತೀರ್ಮಾನವೂ ಮುಖ್ಯ. ತಲೆಗೆ ಪೆಟ್ಟಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್, ಮೂಳೆ ಮುರಿತಕ್ಕೆ ಜಯನಗರದ ಸಂಜಯ್ ಗಾಂಧಿ ಸಂಸ್ಥೆ, ಹಲವು ಕಡೆ ಪೆಟ್ಟಾಗಿದ್ದರೆ ವಿಕ್ಟೋರಿಯಾದ ಅಪಘಾತ ಚಿಕಿತ್ಸಾ ಕೇಂದ್ರ ಎಂಬುದು ಬೆಂಗಳೂರಿನ ಪೊಲೀಸರಿಗೂ ಆಂಬುಲೆನ್ಸ್‌ನವರಿಗೂ ಬಾಯಿಪಾಠ. ಆದರೆ ಹೆಣ್ಣೂರಿನಿಂದ ಅಲ್ಲಿಗೆ ರಾತ್ರಿಯ ದಟ್ಟಣೆಯಲ್ಲಿ ಎಷ್ಟು ಹೊತ್ತಾಗುತ್ತದೆಂದು ನಿಮಗೆ ಗೊತ್ತು. ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಉಸಿರಾಟ ಸ್ಥಿರಪಡಿಸಿ, ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿ ಮುಂದಕ್ಕೆ ಕಳುಹಿಸುವುದೇ ಸರಿಯಾದ ಕ್ರಮ. ನೀವು ಹತ್ತಿರದ ಆಸ್ಪತ್ರೆಗೆ ಹೋದದ್ದು ಒಳ್ಳೆಯದೇ ಆಯಿತು.

ಅಲ್ಲಿ ನಿಮ್ಮನ್ನು ತಡೆದದ್ದು ಮಾತ್ರ ಕಾನೂನಿಗೆ ವಿರುದ್ಧ, ಮತ್ತು ಈ ವಿಷಯ ಮೂವತ್ತೈದು ವರ್ಷಗಳಿಗೂ ಹಿಂದೆಯೇ ಇತ್ಯರ್ಥವಾಗಿದೆ. ಕಾರು ಗುದ್ದಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು ಆಸ್ಪತ್ರೆಯೊಂದು ಒಳಗೆ ಸೇರಿಸಿಕೊಳ್ಳದೆ, ಪೊಲೀಸ್ ಪ್ರಕರಣಗಳನ್ನು ನೋಡುವ ಅಧಿಕಾರವಿರುವ ಆಸ್ಪತ್ರೆಗೆ ಹೋಗಿ ಎಂದು ಸುಮಾರು 20 ಕಿಲೋಮೀಟರ್ ದೂರಕ್ಕೆ ಕಳುಹಿಸಿತು. ಆತ ದಾರಿಯಲ್ಲೇ ಸತ್ತ. ಆ ಸುದ್ದಿಯನ್ನು ಆಧರಿಸಿದ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರ ಆಗಸ್ಟ್ 28ರಂದು, ಜೀವ ಉಳಿಸುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಕರ್ತವ್ಯ, ಯಾವ ಕಾನೂನು ಪ್ರಕ್ರಿಯೆಯೂ ಅದಕ್ಕೆ ಅಡ್ಡ ಬರಲಾರದು ಎಂದು ಸಂವಿಧಾನದ 21ನೇ ವಿಧಿಯ ಬಲದಿಂದ ತೀರ್ಪು ನೀಡಿತು. ಔಪಚಾರಿಕತೆಗಳಿಗೆ ಕಾಯದೆ ವೈದ್ಯರು ಚಿಕಿತ್ಸೆ ನೀಡಬೇಕೆಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುತ್ತದೆ. ಅಪಘಾತದ ಗಾಯಾಳುಗಳಿಗೆ ಪ್ರಥಮ ಚಿಕಿತ್ಸೆ ನೀಡಿ ಜೀವ ಉಳಿಸುವ ಕ್ರಮ ಕೈಗೊಳ್ಳಬೇಕೆಂದು ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ವಿಧಿಸಿದೆ. 'ಪೊಲೀಸ್ ಕೇಸು' ಎಂಬ ಮಾತಿಗೆ ಅರ್ಥ ಇಷ್ಟೇ: ಚಿಕಿತ್ಸೆ ಶುರು ಮಾಡಿದ ಆಸ್ಪತ್ರೆಯು ಅದನ್ನು ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಪುಸ್ತಕದಲ್ಲಿ ಬರೆದು ಠಾಣೆಗೆ ತಿಳಿಸಬೇಕು. ಪೊಲೀಸರು ಅಲ್ಲಿಗೆ ಆಮೇಲೆ ಬರುತ್ತಾರೆ.

ಹಣದ ಭಯವೂ ಇದರ ಹಿಂದೆ ಇರುತ್ತದೆ ಎಂಬುದು ನಿಜ. ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗಿನ ವೆಚ್ಚ ಭರಿಸುವ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಕರ್ನಾಟಕ 2016ರಲ್ಲಿ ಆರಂಭಿಸಿತು. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಸಾಯುತ್ತಿದ್ದಾಗಲೂ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡ ಯುವಕನ ಹೆಸರು ಅದು. 2025ರ ಮೇ 5ರಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಉಳಿದ ಆಸ್ಪತ್ರೆಗಳಲ್ಲಿ ಸ್ಥಿತಿ ಸ್ಥಿರವಾಗುವವರೆಗಿನ ಚಿಕಿತ್ಸೆಗೆ ಮಾತ್ರ ಅನ್ವಯ. ಈ ಸೌಲಭ್ಯ ಕೈಗೆ ಸಿಗಬೇಕಾದರೆ ಅಪಘಾತದ ವಿವರ ಪೊಲೀಸರ ದಾಖಲೆಗೆ ಬೇಗ ಸೇರಬೇಕು. ಹೀಗಾಗಿ ಠಾಣೆಯಲ್ಲಿ ಆಗುವ ವಿಳಂಬ ಕಾಗದದ ವಿಳಂಬವಾಗಿ ಉಳಿಯುವುದಿಲ್ಲ, ಬಡ ಗಾಯಾಳುವಿನ ಮನೆಯವರು ಚಿನ್ನ ಅಡವಿಡುವ ಅಂಗಡಿಯ ಮುಂದೆ ನಿಲ್ಲುವಂತಾಗುತ್ತದೆ.

ಎಂಎಲ್‌ಸಿ ಪುಸ್ತಕದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಪರಿಹಾರದ ಮೊಕದ್ದಮೆಗಳನ್ನು ನಡೆಸುವ ವಕೀಲನಾಗಿ ನಾನು ಕಡತ ಬಿಚ್ಚಿದಾಗ ಮೊದಲು ಹುಡುಕುವುದು ಅದರ ನಕಲನ್ನೇ. ಅದರಲ್ಲಿ ಕರೆತಂದವರ ಹೆಸರು, ಬಂದ ಹೊತ್ತು, ಗಾಯಗಳ ವಿವರ, ಮತ್ತು ಪೆಟ್ಟಾದದ್ದು ಹೇಗೆ ಎಂಬ ಒಂದು ಸಾಲು ಇರುತ್ತದೆ. ಆ ಒಂದು ಸಾಲು ಎಷ್ಟೋ ಕುಟುಂಬಗಳ ಅನ್ನ ಕಸಿದಿದೆ. ನೋವಿನಲ್ಲಿ ಒದ್ದಾಡುತ್ತಿರುವವನು 'ಬೈಕಿನಿಂದ ಬಿದ್ದೆ' ಎನ್ನುತ್ತಾನೆ. ಬಿದ್ದದ್ದು ನಿಜವೇ, ಆದರೆ ಟೆಂಪೊ ಗುದ್ದಿ ಬಿದ್ದದ್ದು. ಬರೆಯುವವರು ಅವಸರದಲ್ಲಿ 'ಸ್ಕಿಡ್ ಆಗಿ ಬಿದ್ದದ್ದು' ಎಂದು ಗೀಚುತ್ತಾರೆ. ಎರಡು ವರ್ಷದ ನಂತರ ವಿಮಾ ಕಂಪನಿಯ ವಕೀಲರು ಅದೇ ಸಾಲನ್ನು ಎತ್ತಿ ಹಿಡಿದು, ಬೇರೆ ವಾಹನವೇ ಇರಲಿಲ್ಲ, ದೂರನ್ನು ಆಮೇಲೆ ಹೆಣೆದರು ಎಂದು ವಾದಿಸುತ್ತಾರೆ. ಪೊಲೀಸರು ಅದೇ ರಾತ್ರಿ ಆಸ್ಪತ್ರೆಗೆ ಹೋಗಿ, ಗಾಯಾಳು ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾನೆಯೇ ಎಂದು ವೈದ್ಯರಿಂದ ಬರೆಸಿಕೊಂಡು, ಆತನದೇ ಮಾತಿನಲ್ಲಿ ದಾಖಲಿಸಿದ್ದರೆ, ಆತನಿಗೆ ಪ್ರಜ್ಞೆ ಇಲ್ಲದಿದ್ದಾಗ ಕಂಡವರ ಮಾತನ್ನಾದರೂ ಬರೆದಿದ್ದರೆ, ಆ ವಾದಕ್ಕೆ ನೆಲೆಯೇ ಇರುತ್ತಿರಲಿಲ್ಲ. ಹೀಗೆ ತಡಮಾಡದೆ ಆಸ್ಪತ್ರೆಗೆ ಹೋಗುವುದೂ ಗಾಯಾಳುವಿನ ಬಗೆಗಿನ ಕರ್ತವ್ಯವೇ ಎಂದು ನಾನು ತಿಳಿಯುತ್ತೇನೆ. ಆತನ ಪರ್ಸು, ಫೋನು, ಕೊರಳ ಸರಗಳನ್ನು ಪಟ್ಟಿ ಮಾಡಿ ಭದ್ರವಾಗಿಡುವುದು ಮತ್ತು ಮನೆಯವರಿಗೆ ಸುದ್ದಿ ಮುಟ್ಟಿಸುವುದು ಕೂಡ ಇದರಲ್ಲೇ ಸೇರುತ್ತವೆ. ಕಲಬುರಗಿಯ ತಾಯಿಗೆ ಆ ಸುದ್ದಿ ಯಾರಿಂದ, ಯಾವ ಹೊತ್ತಿಗೆ ಹೋಯಿತೋ!

ನಿಮಗೆ ಬರುತ್ತಿರುವ ಕರೆಯ ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಸೆಪ್ಟೆಂಬರಿನಲ್ಲಿ ಸೇರಿಸಿದ 168 ಮತ್ತು 169ನೇ ನಿಯಮಗಳ ಪ್ರಕಾರ ನೆರವಾದವರು ತಮ್ಮ ಹೆಸರು ವಿಳಾಸ ಹೇಳಬೇಕೆಂದು ಯಾವ ಪೊಲೀಸರೂ ಬಲವಂತ ಮಾಡುವಂತಿಲ್ಲ. ಸಾಕ್ಷಿಯಾಗಲು ನೀವಾಗಿಯೇ ಒಪ್ಪಿದರೆ, ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ, ನಿಮಗೆ ಅನುಕೂಲವಾದ ಹೊತ್ತಿನಲ್ಲಿ, ಸಮವಸ್ತ್ರವಿಲ್ಲದೆ ಬಂದು, ಒಂದೇ ಸಲಕ್ಕೆ ಪೂರ್ತಿ ಹೇಳಿಕೆ ಬರೆದುಕೊಳ್ಳಬೇಕು. ಇದಕ್ಕೂ ಮೊದಲು, 2016ರ ಮಾರ್ಚ್ 30ರಂದೇ, ಸುಪ್ರೀಂ ಕೋರ್ಟ್ ಇಂಥ ಮಾರ್ಗಸೂಚಿಗಳಿಗೆ ದೇಶದಾದ್ಯಂತ ಕಾನೂನಿನ ಬಲ ಕೊಟ್ಟಿದೆ. ಆದ್ದರಿಂದ ಠಾಣೆಗೆ ಹೋಗಲೇಬೇಕೆಂದಿಲ್ಲ. ಆದರೆ ಹೇಳಿಕೆ ಕೊಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಟೆಂಪೊ ಸಿಕ್ಕ ದಿನ, ಅದು ಹಿಂದಿನಿಂದ ಗುದ್ದಿತೋ ಪಕ್ಕಕ್ಕೆ ತಿರುಗುವಾಗ ಗುದ್ದಿತೋ ಎಂದು ಹೇಳಬಲ್ಲವರು ನೀವು ಮೂವರೇ. ಆ ಹುಡುಗನನ್ನಂತೂ ಠಾಣೆಗೆ ಕರೆಯುವುದೇ ತಪ್ಪು. ತೀವ್ರ ಅನಾರೋಗ್ಯದಲ್ಲಿರುವವರನ್ನು ಅವರು ವಾಸಿಸುವ ಜಾಗ ಬಿಟ್ಟು ಬೇರೆಡೆಗೆ ಬರಹೇಳಬಾರದೆಂದು ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮು ಹೇಳುತ್ತದೆ. ಪೊಲೀಸರೇ ಆ ಕೋಣೆಗೆ ಹೋಗಲಿ.

ಮನೆಯವರಿಗೆ ಹೇಳಬೇಕಾದುದು ಹೀಗಿದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅಪಘಾತದ ಮೊದಲ ವರದಿ 48 ಗಂಟೆಗಳಲ್ಲಿ ಪರಿಹಾರ ನ್ಯಾಯಮಂಡಳಿಗೆ ಹೋಗಿರಬೇಕು; ಗಾಯಾಳುವಿನ ಹಕ್ಕುಗಳನ್ನು ವಿವರಿಸುವ ಎರಡನೇ ನಮೂನೆಯನ್ನು ಹತ್ತು ದಿನಗಳಲ್ಲಿ ಆತನ ಕೈಗೆ ಕೊಟ್ಟಿರಬೇಕು; ವಿವರವಾದ ವರದಿಗೆ 90 ದಿನಗಳ ಗಡುವಿದೆ. ಆ ಎರಡನೇ ನಮೂನೆ ಬಂದಿದೆಯೇ ಎಂದು ಕೇಳಿ ನೋಡಿ. ನನ್ನ ಬಳಿಗೆ ಬರುವ ಹೆಚ್ಚಿನವರು ಅಂಥದೊಂದು ಕಾಗದವಿದೆ ಎಂಬುದನ್ನೇ ಕೇಳಿರುವುದಿಲ್ಲ.

ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೂ ಆತ ಬರಿಗೈಯವನಲ್ಲ. ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ 2 ಲಕ್ಷ ರೂಪಾಯಿ ಪರಿಹಾರವನ್ನು ಮೋಟಾರು ವಾಹನ ಕಾಯ್ದೆಯ 161ನೇ ಕಲಮು ಮತ್ತು ಅದರಡಿಯ 2022ರ ಯೋಜನೆ ಒದಗಿಸುತ್ತವೆ. ಮೂಳೆ ಮುರಿತ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ. ಸುಪ್ರೀಂ ಕೋರ್ಟ್ 2024ರ ಜನವರಿ 12ರಂದು ನೀಡಿದ ಆದೇಶದಂತೆ, ಒಂದು ತಿಂಗಳಾದರೂ ವಾಹನದ ವಿವರ ಸಿಗದಿದ್ದರೆ, ಈ ಪರಿಹಾರ ಕೇಳಬಹುದೆಂದು ಪೊಲೀಸರೇ ಗಾಯಾಳುವಿಗೆ ಬರೆದು ತಿಳಿಸಬೇಕು, ಕ್ಲೇಮು ವಿಚಾರಣಾಧಿಕಾರಿಯ ವಿಳಾಸವನ್ನೂ ಕೊಡಬೇಕು. ನಿಮ್ಮ ಲೆಕ್ಕದಲ್ಲಿ ಆ ತಿಂಗಳು ಕಳೆದು ಹದಿನೈದು ದಿನವಾಗಿದೆ. ಹೇಳಿಕೆಗೆ ಬಂದ ಅಧಿಕಾರಿಯನ್ನು ಆ ಪತ್ರ ಎಲ್ಲಿ ಎಂದು ವಿನಯದಿಂದಲೇ ಕೇಳಿ. ಮುಂದೆ ಟೆಂಪೊ ಸಿಕ್ಕರೆ, ಅಪಘಾತದ ದಿನದಿಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಪೂರ್ಣ ಪರಿಹಾರದ ಅರ್ಜಿ ಹಾಕಬೇಕು. ಆಗ ಈ ಮೊತ್ತವನ್ನು ಅದರಲ್ಲಿ ಹೊಂದಿಸಿಕೊಳ್ಳುತ್ತಾರೆ. ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯದಲ್ಲೇ ಆಗಬೇಕೆಂದಿಲ್ಲ, ಆತ ಊರಿಗೆ ಹೋಗಿ ನೆಲೆಸಿದರೆ ಕಲಬುರಗಿಯಲ್ಲೂ ಹಾಕಬಹುದು.

ಆ ಇಬ್ಬರು ಪೊಲೀಸರ ಮೇಲೆ ದೂರು ಕೊಡಬೇಕೇ ಎಂದು ನೀವು ಕೇಳಿಲ್ಲ. ದಟ್ಟಣೆ ಬೆಳೆಯುತ್ತಿರುವ ರಸ್ತೆಯ ನಡುವೆ, ಕೂಗಾಡುವ ಜನರ ಮಧ್ಯೆ ನಿಂತಿದ್ದ ಅವರಿಗೆ ಶಿಕ್ಷೆಯಾಗಲಿ ಎಂದು ನಾನು ಬಯಸುವುದಿಲ್ಲ. ಆದರೆ ನಡೆದದ್ದನ್ನು ಸಂಚಾರ ವಿಭಾಗದ ಡಿಸಿಪಿಯವರಿಗೆ ಒಂದು ಪುಟದಲ್ಲಿ ಬರೆದು ಕಳುಹಿಸಿ. ಅದರಲ್ಲಿ ಕೋಪದ ಮಾತು ಬೇಡ, ಹೊತ್ತುಗಳು ಸಾಕು: ಕರೆ ಮಾಡಿದ್ದು, ಅವರು ಬಂದದ್ದು, ಆಟೋ ಹೊರಟದ್ದು, ಆಸ್ಪತ್ರೆ ಒಳಗೆ ಬಿಟ್ಟದ್ದು. ಜೊತೆಗೆ, ಆ ದಾರಿಯ ಅಂಗಡಿ, ಪೆಟ್ರೋಲ್ ಬಂಕ್‌ಗಳ ಕ್ಯಾಮೆರಾ ದೃಶ್ಯಗಳನ್ನು ವಶಪಡಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿ, ಏಕೆಂದರೆ ಅವು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿಯೇ ಅಳಿದುಹೋಗುತ್ತವೆ. 112ಕ್ಕೆ ನೀವು ಮಾಡಿದ ಕರೆಯ ನಿಖರವಾದ ಹೊತ್ತು ನಿಮ್ಮ ಫೋನಿನ ಕರೆಪಟ್ಟಿಯಲ್ಲಿ ಇನ್ನೂ ಉಳಿದಿದ್ದರೆ, ಇವತ್ತೇ ಅದರ ಸ್ಕ್ರೀನ್‌ಶಾಟ್ ತೆಗೆದು ಆ ಹುಡುಗನಿಗೆ ಕಳುಹಿಸಿಬಿಡಿ.